ಶೀಪ್ ಬೀದಿಯ ಕಲೆ

ಬಕೆಟ್ಟಿನಲ್ಲಿ ಅರ್ಧದಷ್ಟು ನೀರು ಉಳಿದದ್ದೇ ತಪ್ಪಾಯಿತು.

ಕಿಟಕಿ ತೊಳೆಯುವ ನೈಜಲ್ ಟ್ಯಾಪ್‌ಸ್ಕಾಟ್ ನೀರನ್ನು ಸುಮ್ಮನೆ ಚೆಲ್ಲುವವನಲ್ಲ. ಮಿಸ್ ಫೆದರ್‌ಸ್ಟೋನ್ ಮನೆಯ ಹದಿನಾಲ್ಕು ಕಿಟಕಿಗಳೂ ಮುಗಿದಿದ್ದವು. ಬಾಗಿಲ ಪಕ್ಕದ ಕಲ್ಲುಗೋಡೆಯ ಮೇಲೆ ತಟ್ಟೆಯಗಲದ ಕರಿ ಕಲೆಯೊಂದು ಕಣ್ಣಿಗೆ ಬಿತ್ತು. ಪಾಪ, ವಯಸ್ಸಾದ ಹೆಂಗಸು, ಇದನ್ನೂ ತೊಳೆದುಕೊಟ್ಟರೆ ಖುಷಿಪಟ್ಟಾಳು ಎಂದುಕೊಂಡು ಬ್ರಷ್ ಆಡಿಸಿದ. ಕಲೆ ಮಗುವಿನ ಕಣ್ಣಿನ ಕಾಡಿಗೆಯ ಹಾಗೆ ಕರಗಿ ಇಳಿದುಹೋಯಿತು. ಹುರುಪು ಹೆಚ್ಚಿ, ಕೆಳಗೆ ಕಿಲುಬು ಹಿಡಿದಿದ್ದ ಹಿತ್ತಾಳೆ ಫಲಕವನ್ನೂ ತಿಕ್ಕಿದ. ಅದು ಹೊಳೆಯತೊಡಗಿದ ಮೇಲೆ ಓದಿದ.

‘ಮೇಲಿನ ಕರಿ ಕಲೆ 1644ರಲ್ಲಿ ರಾಜನ ಸೈನಿಕರ ಮದ್ದಿನ ಪೀಪಾಯಿ ಸಿಡಿದು ಆದದ್ದು. ದಯವಿಟ್ಟು ಮುಟ್ಟಬೇಡಿ.’

ಫಲಕ ಈಗ ಎದುರು ಸಾಲಿನಿಂದಲೂ ಓದುವಷ್ಟು ಸ್ಪಷ್ಟವಾಗಿತ್ತು.

ನೈಜಲ್ ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟ. ಈ ಬೀದಿಯ ಇಪ್ಪತ್ತೆರಡು ಮನೆಗಳ ಕೆಲಸ ಅವನ ಕೈಗೆ ಬಂದು ಒಂದೇ ವಾರ. ಹಿಂದಿನವನು ಏಣಿಯ ಮೇಲೆ ಶಿಳ್ಳೆ ಹಾಕಿದನೆಂದು ಮಿಸ್ ಫೆದರ್‌ಸ್ಟೋನ್ ಅವನನ್ನು ಕೆಲಸದಿಂದ ಬಿಡಿಸಿದ್ದಳು. ಊರಿನ ಪರಂಪರೆ ಸಂಘಕ್ಕೆ ಅವಳೇ ಅಧ್ಯಕ್ಷೆ. ಅವಳು ಬಿಡಿಸಿದವನನ್ನು ಉಳಿದ ಇಪ್ಪತ್ತೊಂದು ಮನೆಯವರೂ ಅದೇ ದಿನ ಬಿಡಿಸಿದ್ದರು.

“ಏನಯ್ಯಾ ನೈಜಲ್, ಇತಿಹಾಸಾನೇ ತೊಳೆದುಬಿಟ್ಯಲ್ಲ!” ಎಂದ ಪಕ್ಕದ ಮನೆಯ ಕ್ಲೈವ್ ಬಂಟಿಂಗ್. ನಿವೃತ್ತ ಅಂಚೆಯವನು, ಬೇರೆಯವರ ಗ್ರಹಚಾರ ಮನೆಬಾಗಿಲಿಗೆ ತಲುಪಿಸುವ ಅಭ್ಯಾಸ ಬಿಟ್ಟಿರಲಿಲ್ಲ. “ನಾಲ್ಕು ಗಂಟೆಗೆ ಚೆಂದದ ಊರು ಸ್ಪರ್ಧೆಯ ತೀರ್ಪುಗಾರರು ಬರ್ತಾರೆ. ಅವರು ನೋಡೋಕೆ ಬರೋದೇ ಈ ಕಲೇನ.”

“ಮೇಡಂ ಎಲ್ಲಿ?”

“ತಲೆಗೂದಲು ಸೆಟ್ ಮಾಡಿಸೋಕೆ ಹೋಗಿದಾರೆ. ಮೂರೂವರೆಗೆ ಬರ್ತಾರೆ. ಗಾಬರಿ ಯಾಕೆ? ಟೀ ಡಿಕಾಕ್ಷನ್ ಹಚ್ಚು, ಹಳೇದಾಗತ್ತೆ.”

ಹಚ್ಚಿದ. ಗೋಡೆಗೆ ಕಾಮಾಲೆಯಾದಂತೆ ಕಂಡಿತು.

ಎದುರಿನ ಬೇಕರಿಯಿಂದ ಡೋರೀನ್ ಓಡಿ ಬಂದಳು. “ಅಯ್ಯೋ ನಿಮ್ಮ! ಟೀ ಯಾರಾದ್ರೂ ಹಚ್ತಾರಾ? ಮೊಸರು ಹಚ್ಚಬೇಕು. ನಮ್ಮಮ್ಮ ಹೊಸ ಹೂಕುಂಡಕ್ಕೆಲ್ಲ ಮೊಸರೇ ಬಳಿಯೋದು. ಪಾಚಿ ಕಟ್ಟಿ ನೂರು ವರ್ಷದ್ದರ ಹಾಗೆ ಕಾಣತ್ತೆ.”

“ಎಷ್ಟು ಹೊತ್ತು ಬೇಕು?”

“ಎರಡು ವರ್ಷ.”

ಮೊಸರು ಆಗಲೇ ಗೋಡೆಯ ಮೇಲಿತ್ತು. ಬೀದಿಯ ಬೆಕ್ಕೊಂದು ಬಂದು, ಹಿಂಗಾಲ ಮೇಲೆ ನಿಂತು, ಎಟುಕುವಷ್ಟನ್ನು ನೆಕ್ಕಿತು. ಉಳಿದದ್ದನ್ನು ನೈಜಲ್ ಒರೆಸಿದ.

ಕೊನೆಗೆ ಡೋರೀನಳೇ ಬೇಕರಿ ಒಲೆಯ ಮಸಿ ಕೆರೆದು ತಂದಳು. ನೈಜಲ್ ಬೆರಳಲ್ಲಿ ಅದ್ದಿ ಬಳಿಯತೊಡಗಿದ.

“ಬೂಟಿನ ಆಕಾರ ಇತ್ತು,” ಎಂದ ಕ್ಲೈವ್.

“ಬಾತುಕೋಳಿ ಥರ ಇತ್ತು. ದಿನಾ ನೋಡ್ತೀನಿ, ನಂಗೊತ್ತಿಲ್ವಾ?” ಎಂದಳು ಡೋರೀನ್.

ಇಬ್ಬರ ಜಗಳ ತೀರುವಷ್ಟರಲ್ಲಿ ಗೋಡೆಯ ಮೇಲೆ ಬೂಟು ಹಾಕಿಕೊಂಡ ಬಾತುಕೋಳಿಯೊಂದು ಮೂಡಿತ್ತು. ಆಗಲೇ ಮಿಸ್ ಫೆದರ್‌ಸ್ಟೋನ್ ತಿರುವಿನಲ್ಲಿ ಕಾಣಿಸಿದಳು. ಕ್ಲೈವ್‌ಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಡೋರೀನಳಿಗೆ ಒಲೆಯಲ್ಲಿಟ್ಟ ಬನ್ನು ನೆನಪಾಯಿತು.

ಮಿಸ್ ಫೆದರ್‌ಸ್ಟೋನ್ ಗೋಡೆ ನೋಡಿದಳು. ನೈಜಲ್‌ನ ಕೈ ನೋಡಿದಳು. ಮತ್ತೆ ಗೋಡೆ ನೋಡಿದಳು.

“ಹವಾ ಚೆನ್ನಾಗಿದೆ ಅಲ್ವಾ, ಮಿಸ್ಟರ್ ಟ್ಯಾಪ್‌ಸ್ಕಾಟ್? ಒಳಗೆ ಬನ್ನಿ. ಟೀ ಕುಡಿಯೋಣ.”

ಬೈದಿದ್ದರೆ ವಾಸಿಯಿತ್ತು. ನೈಜಲ್ ಕುರ್ಚಿಯ ತುದಿಯಲ್ಲಿ ಕೂತು, ಕೈತಪ್ಪಲಿರುವ ಇಪ್ಪತ್ತೆರಡು ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಬೀಳ್ಕೊಟ್ಟ.

ಸರಿಯಾಗಿ ನಾಲ್ಕಕ್ಕೆ ತೀರ್ಪುಗಾರರು ಬಂದರು. ತೆರೆದ ಬಾಗಿಲಿನಿಂದ ಅವರ ಮಾತು ಕೇಳಿಸಿತು. ಒಬ್ಬ ಗೋಡೆಗೆ ಮೂಗು ತಾಗಿಸಿದ. “ಅದ್ಭುತ! ಮದ್ದಿನ ವಾಸನೆ ಇನ್ನೂ ಇದೆ ನೋಡಿ.” ಅದು ಬೇಕರಿ ಒಲೆಯಲ್ಲಿ ಸೀದ ಒಣದ್ರಾಕ್ಷಿಯ ವಾಸನೆ. ಪೂರ್ತಿ ಅಂಕ ಬರೆದುಕೊಂಡು ಹೋದರು.

ನೈಜಲ್‌ಗೆ ತಡೆಯಲಾಗಲಿಲ್ಲ. “ತಪ್ಪಾಯ್ತು ಮೇಡಂ. ಅದು ನಾನೇ...”

“ಗೊತ್ತು. ನಮ್ಮಪ್ಪ ಬರೀ ಬೂಟು ಬರೀತಿದ್ರು. ಬಾತುಕೋಳಿ ನಂದು.”

ಅವಳು ಬೀರು ತೆರೆದಳು. ಒಳಗೆ ಒಲೆಗೆ ಹಚ್ಚುವ ಕರಿ ಪಾಲಿಶ್‌ನ ಡಬ್ಬಿಗಳು ಸಾಲಾಗಿ ನಿಂತಿದ್ದವು.

“ಅವರು ನಲವತ್ತು ವರ್ಷ ಹಚ್ಚಿದ್ರು, ನಾನು ಮೂವತ್ತು ವರ್ಷ. ಈಗ ಮಂಡಿ ಬಗ್ಗಲ್ಲ. ಯಾರ ಕೈಗೊಪ್ಪಿಸೋದು ಅಂತ ಕೊರಗ್ತಾ ಇದ್ದೆ. ನಿಮ್ಮ ಕೈಯಲ್ಲಿ ಕಲೆ ಇದೆ, ಮಿಸ್ಟರ್ ಟ್ಯಾಪ್‌ಸ್ಕಾಟ್.”

ನೈಜಲ್ ಕೈ ನೋಡಿಕೊಂಡ. ಇತ್ತು. ಮೊಣಕೈವರೆಗೂ ಇತ್ತು.

“ಇನ್ನು ಮೇಲೆ ನೀವೇ ನೋಡ್ಕೊಳ್ಳಿ. ಒಲ್ಲೆ ಅಂದ್ರೆ, ಅಳಿಸಿದ್ದು ಯಾರು ಅಂತ ಸಂಘಕ್ಕೆ ತಿಳಿಸ್ಬೇಕಾಗತ್ತೆ. ಸಕ್ಕರೆ ಎಷ್ಟು ಚಮಚ?”

“ಎರಡು,” ಎಂದ ನೈಜಲ್. ಕೆಲಸ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತು. “ವರ್ಷಕ್ಕೆ ಎಷ್ಟು ಸಲ ಹಚ್ಚಬೇಕು ಮೇಡಂ?”

“ಅಯ್ಯೋ, ಮಹಾ ಏನಿಲ್ಲ. ಮಳೆ ಬಂದಾಗ ಮಾತ್ರ.”

ನೈಜಲ್ ಕಿಟಕಿಯತ್ತ ತಿರುಗಿದ. ಬೆಳಿಗ್ಗೆ ತಾನೇ ತೊಳೆದ ಗಾಜು. ಹೊರಗಿನದೆಲ್ಲ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಹನಿ ಶುರುವಾಗಿತ್ತು.