ಅಣ್ಣನ ಕಾರಿಗೆ ಹೊಸ ಟಾಪು

ನಮ್ಮ ಮನೇಲಿ ನಗೋ ಪ್ರಸಂಗಗಳಿಗೆ ಹೊತ್ತುಗೊತ್ತು ಅನ್ನೋದೇ ಇಲ್ಲ. ಸರಿಯಾಗಿ ಅಳೋ ಹೊತ್ತು ನೋಡ್ಕೊಂಡೇ ಬರ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ, ಭದ್ರಾವತಿ ಓಲ್ಡ್ ಟೌನ್‌ನಲ್ಲಿ ನಮ್ಮಣ್ಣ ಕಾಯಿಲೆ ಬಿದ್ದಾಗಲಂತೂ ಸಾಲಾಗಿ ಬಂದವು.

೧. ಇನ್ನೂ ಇದೀನಿ

ಅಣ್ಣನದು ಹಳೇ ಅಂಬಾಸಿಡರ್. ಅದನ್ನ ಬಾಡಿಗೆಗೆ ಓಡಿಸಿಯೇ ಸಂಸಾರ ತೂಗಿಸಿದವನು. ಹೊಟ್ಟೇಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು. ವಾರ ವಾರ ಶಿವಮೊಗ್ಗದ ಆಸ್ಪತ್ರೆ. ಅವನು ಹಿಂದಿನ ಸೀಟಲ್ಲಿ ಅತ್ತಿಗೆ ತೊಡೆ ಮೇಲೆ ತಲೆಯಿಟ್ಟು ಅಂಗಾತ ಮಲಗ್ತಿದ್ದ.

ಕಾರಿನ ಒಳಗೆ ತಲೆ ಮೇಲಿನ ತಗಡಿಗೆ ಬಟ್ಟೆ ಹಾಕಿರ್ತಾರಲ್ಲ, ಅದಕ್ಕೆ ನಾವು ಟಾಪು ಅಂತೀವಿ. ಅದು ಹೊಲಿಗೆ ಬಿಟ್ಟು ಜೋತು ಬಿದ್ದಿತ್ತು. ಒಂದಿನ ಹಂಪ್ ಹಾರಿಸಿದ್ದೇ ತಡ, ದಬಕ್ ಅಂತ ಅಣ್ಣನ ಮುಖದ ಮೇಲೇ ಬಿತ್ತು. ನಾನು ಗಾಬರಿಯಾಗಿ ಬ್ರೇಕ್ ಹಾಕಿದರೆ ಬಟ್ಟೆಯೊಳಗಿಂದ ದನಿ ಬಂತು.

"ಲೇ, ಸ್ವಲ್ಪ ತಡ್ಕೊಳ್ಳೋ! ಇನ್ನೂ ಉಸಿರಾಡ್ತಿದೀನಿ, ಆಗಲೇ ಮುಖ ಮುಚ್ಚಿಬಿಟ್ಟೆಯಲ್ಲ!"

ಅತ್ತಿಗೆ ನಕ್ಕು ನಕ್ಕು, ಆಮೇಲೆ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಇನ್ನು ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ನಮಗಿಬ್ಬರಿಗೂ ಹೇಳಿದ್ದರು. ಅಣ್ಣನಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಿತ್ತು. "ಹೊಸ ಟಾಪು ಹಾಕೋ. ಇನ್ಮೇಲೆ ನಾನು ನೋಡೋದು ಅದೊಂದನ್ನೇ ತಾನೇ" ಅಂದ.

೨. ಬೇರೆ ಸೆಕ್ಷನ್

ಶಿವಮೊಗ್ಗದ ಕುಶನ್ ಅಂಗಡಿಯವನು ಗಾಡಿ ಒಂದು ವಾರ ಬಿಟ್ಟುಹೋಗಿ ಅಂದ. ಬಿಟ್ಟುಕೊಡೋಕೆ ನಮ್ಮತ್ರ ವಾರ ಎಲ್ಲಿತ್ತು? ಬಟ್ಟೆ ಮಾತ್ರ ತಗೊಂಡು ಬಂದು, ಮನೆ ಅಂಗಳದಲ್ಲೇ ಶುರು ಹಚ್ಕೊಂಡೆ. ನನ್ನ ಜೊತೆ ಕಾರ್ಖಾನೇಲಿ ಕೆಲಸ ಮಾಡೋ ಪಕ್ಕದ ಮನೆಯವನು ಫಸ್ಟ್ ಶಿಫ್ಟ್ ಮುಗಿಸ್ಕೊಂಡು ಸಹಾಯಕ್ಕೆ ಬಂದ.

ಟಾಪು ಎತ್ತಿ ಹಿಡಿಯೋಕೆ ಅಡ್ಡಡ್ಡಕ್ಕೆ ಬಾಗಿದ ಕಂಬಿಗಳಿರ್ತವೆ. ಒಂದರ ಅಳತೆ ಇನ್ನೊಂದಕ್ಕಿಲ್ಲ. ಪುಣ್ಯಾತ್ಮ ಎಲ್ಲಾ ಕಿತ್ತು, ಸೀಮೆಎಣ್ಣೇಲಿ ಉಜ್ಜಿ, ಫಳಫಳ ಮಾಡಿ, ಸೌದೆ ಒಟ್ಟಿದ ಹಾಗೆ ಒಟ್ಟಿಬಿಟ್ಟ.

ಜಗಲಿ ಮೇಲೆ ಮಲಗಿದ್ದ ಅಣ್ಣ ಕೇಳಿದ, "ಯಾವುದು ಮುಂದಿಂದು, ಯಾವುದು ಹಿಂದಿಂದು ಅಂತ ಗುರುತು ಮಾಡಿದೀಯೇನೋ ಮಾರಾಯ?"

ಅವನು ತಲೆ ಕೆರ್ಕೊಂಡ. "ಇಲ್ಲಣ್ಣ. ನಂದು ಬಿಚ್ಚೋ ಸೆಕ್ಷನ್. ಜೋಡಿಸೋದು ಬೇರೆ ಸೆಕ್ಷನ್."

ಆ ಬೇರೆ ಸೆಕ್ಷನ್ನಿನವರು ಯಾರಪ್ಪಾ ಅಂದರೆ ಇಬ್ಬರೂ ಸೇರಿ ನನ್ನ ಮುಖ ನೋಡಿದರು.

೩. ದಪ್ಪ ಆದ್ರೆ ಇರಲಿ

ಹೊಲಿಗೆ ಅತ್ತಿಗೆಯದು. ಬೀದಿ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡ್ತಿದ್ದವರು. ಕಂಬಿ ತೂರಿಸೋಕೆ ಲಂಗಕ್ಕೆ ಲಾಡಿ ಪಟ್ಟಿ ಕೊಟ್ಟ ಹಾಗೆ ಅಚ್ಚುಕಟ್ಟಾಗಿ ಪಟ್ಟಿ ಹೊಲಿದರು. ಆದರೆ ಹೊಲಿಗೆಯ ಒಳಗೆಲ್ಲ ಬೇಕಾದಷ್ಟು ಬಟ್ಟೆ ಮಡಚಿಬಿಟ್ಟಿದ್ದರು.

"ಇದ್ಯಾಕೆ ಅತ್ತಿಗೆ?"

"ಮುಂದೆ ದಪ್ಪ ಆದ್ರೆ ಬಿಚ್ಕೊಳ್ಳೋಕೆ ಇರಲಿ ಅಂತ."

"ಯಾರು, ಕಾರಾ?"

ಬಾಯಿಗೆ ಸೆರಗು ಇಟ್ಕೊಂಡು ನಕ್ಕರು. ಆಮೇಲೆ ಸೂಜಿ ಕಡೆ ನೋಡ್ತಾ ಅಂದರು, "ಏನ್ಮಾಡ್ಲಿ, ನಿಮ್ಮಣ್ಣನ ಅಂಗಿ ದೊಗಲೆ ಆಯ್ತು ಅಂತ ಹಿಡಿದೂ ಹಿಡಿದೂ ಸಾಕಾಗಿದೆ. ಇದಾದ್ರೂ ದಪ್ಪ ಆಗ್ಲಿ." ನಾನು ತಲೆ ತಗ್ಗಿಸಿ ಕಂಬಿ ಎಣಿಸೋಕೆ ಶುರು ಮಾಡಿದೆ.

ಪಕ್ಕದ ಮನೆಯವನು ಮಾತ್ರ ಗಂಭೀರವಾಗಿ ಕಾರು ಸುತ್ತಿ ಬಂದು, "ಸದ್ಯಕ್ಕೇನೂ ದಪ್ಪ ಆಗೋ ಹಾಗೆ ಕಾಣಲ್ಲ ಅತ್ತಿಗೆ" ಅಂದ.

೪. ಸುಕ್ಕು

ಅಂತೂ ಗಮ್ ಹಚ್ಚಿ, ಎಳೆದು, ಅಂಚಿಗೆಲ್ಲ ಬಟ್ಟೆ ಒಣಗಿಸೋ ಕ್ಲಿಪ್ಪು ಸಿಕ್ಕಿಸಿ ಟಾಪು ಹಾಕಿದ್ದಾಯ್ತು. ಗಮ್ ವಾಸನೆ ಹೋದ ಮೇಲೆ ಅಣ್ಣನ್ನ ಎತ್ತಿ ತಂದು ಹಿಂದಿನ ಸೀಟಲ್ಲಿ ಮಲಗಿಸಿದೆವು. ಸುಮಾರು ಹೊತ್ತು ಟಾಪನ್ನೇ ನೋಡಿದ.

"ಬಾಗಿಲ ಹತ್ರ ಒಂದು ಸುಕ್ಕು."

ಎಳೆದೆವು. ಮರುದಿನ ಲೈಟಿನ ಹತ್ರ ಇನ್ನೊಂದು ಅಂದ. ಅದರ ಮರುದಿನ ಗಾಜಿನ ಹತ್ರ. ಪಕ್ಕದ ಮನೆಯವನು ಶಿಫ್ಟ್ ಮುಗಿಸಿ ದಿನಾ ಬಂದು ಕಣ್ಣಿಗೆ ಕಾಣದ ಸುಕ್ಕು ಎಳೀತಿದ್ದ. ಜೊತೆಗೆ ಚಹಾ, ಕಾರ್ಖಾನೆ ಸುದ್ದಿ, ಅಣ್ಣನ ಹಳೇ ಬಾಡಿಗೆ ಕಥೆಗಳು.

ಕೊನೆಗೆ ನಾನು ರೇಗಿದೆ. "ಎಲ್ಲಿದೆ ತೋರಿಸಣ್ಣ, ಒಂದೂ ಇಲ್ಲ!"

"ನಂಗೂ ಗೊತ್ತು ಕಣೋ" ಅಂದ ಮೆಲ್ಲಗೆ. "ಕೆಲಸ ಮುಗೀತು ಅಂದ್ರೆ ನಾಳೆ ಅವನು ಬರಲ್ಲ."

ಕಿಟಕಿ ಆಚೆ ನಿಂತಿದ್ದ ಪಕ್ಕದ ಮನೆಯವನು ಇದನ್ನ ಕೇಳಿಸ್ಕೊಂಡ. ಮಾರನೇ ದಿನ ಬಂದವನೇ ಇಣುಕಿ ನೋಡಿ, "ಅಯ್ಯೋ ಅಣ್ಣ, ಈ ಮೂಲೆ ಪೂರ್ತಿ ಎಡವಟ್ಟಾಗಿದೆ!" ಅಂತ ಕೂಗಿದ.

೫. ಎಲ್ಲಿ ಹಾಕ್ಸಿದ್ರಿ?

ಆಮೇಲೆ ಒಂದು ಮಧ್ಯಾಹ್ನ, ಶಿವಮೊಗ್ಗದಿಂದ ವಾಪಸ್ ಬರುವಾಗ ದಾರಿಯಲ್ಲೇ ಅಣ್ಣ ಹೋಗಿಬಿಟ್ಟ. ಅತ್ತಿಗೆ ತೊಡೆ ಮೇಲೆ, ಟಾಪು ನೋಡ್ತಾನೇ. "ನಿಲ್ಲಿಸ್ಬೇಡ, ಮನೆಗೆ ನಡಿ" ಅಂದರು ಅತ್ತಿಗೆ. ಕಣ್ಣು ಮಂಜಾಗಿ ರಸ್ತೆ ಕಾಣದೆ ಹೇಗೆ ಓಡಿಸಿದೆನೋ ದೇವರೇ ಬಲ್ಲ.

ಮನೆ ಮುಂದೆ ಬೀದಿಗೆ ಬೀದಿಯೇ ಸೇರಿತು. ಅತ್ತಿಗೆ ಸೀಟಲ್ಲಿ ಕೂತೇ ಎದೆ ಬಡ್ಕೊಂಡು ಅಳ್ತಿದ್ದರು. ಅಣ್ಣನ್ನ ಇಳಿಸೋಕೆ ಅಂತ ಬೀದಿಯ ಹಿರಿಯರೊಬ್ಬರು ಬಾಗಿಲು ತೆಗೆದು ಒಳಗೆ ಬಗ್ಗಿದರು. ಬಗ್ಗಿದವರ ಕಣ್ಣು ಮೇಲೆ ಹೋಯ್ತು. ಹಾಗೇ ನಿಂತರು. ಕೈಯಿಂದ ಒಂದು ಸಲ ಬಟ್ಟೆ ಸವರಿದರು.

"ಭಾಳ ಚೆನ್ನಾಗಿ ಕೂತಿದೆಯಲ್ಲಮ್ಮ. ಎಲ್ಲಿ ಹಾಕ್ಸಿದ್ರಿ, ಶಿವಮೊಗ್ಗದಲ್ಲಾ?"

ಅತ್ತಿಗೆಯ ಅಳು ಟಕ್ ಅಂತ ನಿಂತಿತು. ಸೆರಗಿಂದ ಮೂಗು ಒರೆಸ್ಕೊಂಡು, "ಎಲ್ಲೂ ಅಲ್ಲ ಮಾವ, ಮನೇಲೇ ಹಾಕಿದ್ದು. ಹೊಲಿಗೆ ನಂದು" ಅಂದರು. ಅಷ್ಟು ಹೇಳಿ, ನಿಲ್ಲಿಸಿದ ಕಡೆಯಿಂದಲೇ ಮತ್ತೆ ಅಳೋಕೆ ಶುರು ಮಾಡಿದರು.

ನನಗೆ ತಡೆಯೋಕೆ ಆಗಲಿಲ್ಲ. ಬಾನೆಟ್ ಮೇಲೆ ಮುಖ ಹುದುಗಿಸಿ ನಕ್ಕೆ, ಮೈಯೆಲ್ಲ ಕುಲುಕೋ ಹಾಗೆ ನಕ್ಕೆ. ಪಕ್ಕದ ಮನೆಯವನು ಓಡಿ ಬಂದು ಬೆನ್ನು ಸವರುತ್ತಾ, "ಅಳು ಮಾರಾಯ, ಅತ್ತುಬಿಡು" ಅಂದ. ಆಮೇಲೆ ಅದನ್ನೂ ಮಾಡಿದೆ.