ನೆರಳು ಕಳೆದುಕೊಂಡ ದರ್ಜಿಗಾಗಿ ದಾವಣಗೆರೆಯಲ್ಲಿ ನಡೆದ ಕದನ

ಎಲೈ ವಾಗ್ದೇವಿಯೇ, ಚಿಂತಿಸುವ ಕಷ್ಟವನ್ನೆಲ್ಲ ಯಂತ್ರಗಳಿಗೆ ವಹಿಸಿ ಕಥೆಗಾರರು ನಿಶ್ಚಿಂತರಾದ ಈ ಮಹಾಯುಗದಲ್ಲಿ, ದಾವಣಗೆರೆಯ ಚಹಾದಂಗಡಿಯೊಂದರಲ್ಲಿ ಜರುಗಿದ ಘೋರಸಮರವನ್ನು ಬಣ್ಣಿಸಲು ನನ್ನ ನಾಲಗೆಗೆ ಬಲ ಕೊಡು.

ಆ ಪುರದಲ್ಲಿ ಸನ್ಮಾನಶಾಲುಭಾರನಮಿತಸ್ಕಂಧನಾದ ತಿಪ್ಪೇಸ್ವಾಮಿಯೆಂಬ ನಿವೃತ್ತ ಮೇಷ್ಟರೂ, ವಿಮರ್ಶಕಹೃದಯಕಂಪನನಾದ ರುದ್ರಮುನಿಯೆಂಬ ವಿಮಾ ಏಜೆಂಟನೂ ಇದ್ದರು. ಬಾಲ್ಯದಿಂದಲೂ ಗೆಳೆಯರು, ಇಬ್ಬರೂ ಕಥೆಗಾರರು. ಬಹುಕಾಲದಿಂದ ಇಬ್ಬರಿಗೂ ಒಂದು ಕಥೆಯೂ ಹೊಳೆದಿರಲಿಲ್ಲ. ಹೀಗಿರಲು ಮೊಬೈಲಿನಲ್ಲಿ 'ಕಥಾಕಾಮಧೇನು' ಎಂಬ ಖಾತೆ ಅವತರಿಸಿತು. ನಡೆಸುವ ಮನುಷ್ಯರಾರೂ ಇಲ್ಲದೆ, ತನ್ನಷ್ಟಕ್ಕೆ ತಾನೇ, ಗಂಟೆಗೊಂದು ಕಥೆಯ ಎಳೆಯನ್ನು ಕರೆಯುತ್ತಿದ್ದ ಆ ಧೇನುವಿನ ಕೆಳಗೆ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಚೊಂಬು ಹಿಡಿದು ಕೂತರು.

ದೀಪಾವಳಿ ವಿಶೇಷಾಂಕಕ್ಕೆ ಪತ್ರಿಕೆಯವರು ಕಥೆ ಕೇಳಿದ ವಾರ, ತಿಪ್ಪೇಸ್ವಾಮಿ ಚಹಾ ಹೀರುತ್ತ ಹೇಳಿದನು: "ಒಂದು ಕಥೆ ಹೊಳೆದೈತಪ್ಪ. ಒಬ್ಬ ದರ್ಜಿ. ಅವನ ನೆರಳು ಕಳೆದುಹೋಗುತ್ತೆ."

ರುದ್ರಮುನಿಯ ಲೋಟ ಬಾಯಿಯ ಹತ್ತಿರವೇ ನಿಂತಿತು. "ಅದು ನನ್ನ ಕಥೆ. ಮೊನ್ನೆನೇ ಬರೆದು ಮುಗಿಸೀನಿ."

ಆಗ ತಿಪ್ಪೇಸ್ವಾಮಿ ಪ್ರಳಯಕಾಲಮೇಘದಂತೆ ಗರ್ಜಿಸಿದನು: "ಕೇಳು, ಎಲೈ ಪರಕಥಾಪಹಾರಿ. ಆ ದರ್ಜಿಯನ್ನು ಮೂವತ್ತು ವರ್ಷ ಎದೆಯೊಳಗೆ ಹೊತ್ತು ಸಾಕಿದವನು ನಾನು. ಅವನ ಒಂದೊಂದು ಹೊಲಿಗೆಯೂ ನನ್ನ ನರ."

"ಅವನು ನಮ್ಮ ತಾತ," ಎಂದನು ರುದ್ರಮುನಿ, ಎದೆಯುಬ್ಬಿಸಿ. "ರಕ್ತದಿಂದ ಬಂದ ಕಥೆ ಇದು."

"ನಿಮ್ಮ ತಾತ ಪೋಸ್ಟ್‌ಮಾಸ್ಟರ್ ಆಗಿದ್ದರಲ್ಲಪ್ಪ."

"ಬಿಡುವಿದ್ದಾಗ ಹೊಲೀತಿದ್ದರು."

ಮೇಜು ಗುದ್ದಿಸಿಕೊಂಡಿತು, ಚಹಾ ಚೆಲ್ಲಿತು. "ಇನ್ನು ನಿನ್ನ ಮಗಳ ಮದುವೆಗೂ ನಾನು ಬರಲ್ಲ," ಎಂದುಬಿಟ್ಟನು ತಿಪ್ಪೇಸ್ವಾಮಿ. ಆ ಹುಡುಗಿಗೆ ಅಕ್ಷರ ತಿದ್ದಿಸಿದವನು ಈ ತಿಪ್ಪೇಸ್ವಾಮಿಯೇ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವನಿಗೂ ಅನಿಸಿತು. ಆದರೆ ವೀರರು ಹಿಂಜರಿಯುವುದುಂಟೇ? ಧರ್ಮನಿರ್ಣಯಕ್ಕೆಂದು ಅವನು ವಿಶೇಷಾಂಕದ ಸಂಪಾದಕಿ ಶರ್ವಾಣಿಯವರಿಗೆ ಫೋನ್ ಮಾಡಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿ, ದರ್ಜಿಯ ಕಥೆಯ ವಿಷಯ ಎತ್ತಿದನು.

"ನೆರಳು ಕಳಕೊಂಡ ದರ್ಜಿನಾ ಸರ್?" ಎಂದರು ಸಂಪಾದಕಿ, ದಣಿದ ದನಿಯಲ್ಲಿ. "ಬೀದರ್‌ನಿಂದ ಬಂತು, ಮಡಿಕೇರಿಯಿಂದ ಬಂತು, ಇವತ್ತು ಬೆಳಿಗ್ಗೆ ಕುಮಟಾದಿಂದಲೂ ಬಂತು. ಯಾವುದೋ ಆಟೋಮ್ಯಾಟಿಕ್ ಖಾತೆ ಎಲ್ಲರಿಗೂ ಹಂಚ್ತಿದೆಯಂತೆ. ನಿಮ್ಮಂಥ ಹಿರಿಯರು ಅಂಥದ್ದೆಲ್ಲ ನೋಡೋದಿಲ್ಲ ಬಿಡಿ."

ತಿಪ್ಪೇಸ್ವಾಮಿ ಗೋಡೆ ನೋಡಿದನು. ರುದ್ರಮುನಿ ಚೆಲ್ಲಿದ ಚಹಾವನ್ನು ಬೆರಳಿನಿಂದ ಅತ್ತಿತ್ತ ಎಳೆದನು. ಆಮೇಲೆ ಇಬ್ಬರ ಕಣ್ಣೂ ಕೂಡಿ, ಇಬ್ಬರಿಗೂ ಎಲ್ಲವೂ ತಿಳಿಯಿತು.

"ಕಥೆಯ ಪುಟ ಭರ್ತಿಯಾಗಿದೆ ಸರ್," ಎಂದಿತು ಫೋನು. "ಅಡುಗೆ ಪುಟದಲ್ಲಿ ಸ್ವಲ್ಪ ಜಾಗ ಇದೆ. ಮಂಡಕ್ಕಿ ಒಗ್ಗರಣೆ ಮಾಡೋದು ಹೇಗೆ ಅಂತ ಯಾರಾದರೂ ಬರೆದುಕೊಡ್ತೀರಾ?"

ಶಾಲುಭಾರನಮಿತಸ್ಕಂಧನೂ ವಿಮರ್ಶಕಹೃದಯಕಂಪನನೂ ಫೋನಿನ ಮೇಲೆ ಒಟ್ಟಿಗೆ ಬಾಗಿದರು.

"ಎಷ್ಟು ಪದ ಮೇಡಂ?"