ಬಿಪಿ ಮಿಷನ್ನಿಗೊಂದು ಆಯುಧಪೂಜೆ

ಮೈಯಲ್ಲಿ ರಕ್ತ ಓಡುವಷ್ಟು ದಿನ ನಮ್ಮ ರೂಮಿನಲ್ಲಿ ನಗುವಿಗೆ ಬರ ಬರುವುದಿಲ್ಲ. ನಮ್ಮ ರೂಮು ಅಂದರೆ ಬೊಮ್ಮಸಂದ್ರದ ಒಂದು ಮಾತ್ರೆ ಫ್ಯಾಕ್ಟರಿಯ ಆರೋಗ್ಯ ಕೊಠಡಿ. ಒಂದು ಮಂಚ, ಒಂದು ಔಷಧಿ ಬೀರು, ಪಾದರಸದ ಬಿಪಿ ಮಿಷನ್ನು, ಡಾಕ್ಟರಿಗೆ ಕೂರಲು ಚಕ್ರ ಇರುವ ಒಂದು ಕುರ್ಚಿ, ಆಮೇಲೆ ನಾನು. ಹೊಸೂರು ರೋಡಿನಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಚಂದಾಪುರದ ಪಕ್ಕದ ನಮ್ಮ ಹಳ್ಳಿಯಿಂದ ಬೈಕಿನಲ್ಲಿ ಅರ್ಧ ರಸ್ತೆಯ ಧೂಳು ಕುಡಿದು ಬಂದು, ಮುಖ ತೊಳೆದು, ಸ್ಟೆತಸ್ಕೋಪು ಕತ್ತಿಗೆ ಹಾಕಿಕೊಂಡೆ ಅಂದರೆ ಮುಗೀತು. ಗಂಡಸು ನರ್ಸಾ ಅಂತ ನಕ್ಕವರೆಲ್ಲ ಒಂದಲ್ಲ ಒಂದು ದಿನ ಅಂಗಿ ತೋಳು ಮಡಿಸಿ ನನ್ನ ಮುಂದೆ ಕೂತವರೇ.

ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳುತ್ತೇನೆ. ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಿಪಿ ನೋಡುವುದರಲ್ಲಿ ನನ್ನ ಕಿವಿಯಂಥ ಕಿವಿ ಇನ್ನೊಂದಿಲ್ಲ. ನನ್ನ ಬಿಪಿ ನೂರಿಪ್ಪತ್ತಕ್ಕೆ ಎಂಬತ್ತು, ಪುಸ್ತಕದಲ್ಲಿ ಬರೆದ ಹಾಗೆ. ಆ ಪುಸ್ತಕ ಬರೆದವರು ನನ್ನನ್ನು ನೋಡಿಯೇ ಬರೆದಿರಬೇಕು.

ಬಾಯಿ ಮುಚ್ಚಿದರೆ

ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಅಕ್ಕ ಒಬ್ಬರಿದ್ದರು. ಬಿಪಿ ನೋಡಲು ಕೂರಿಸಿದರೆ ಬಾಯಿ ನಿಲ್ಲದು. ಪಕ್ಕದ ಮನೆಯವಳು ನೀರು ಹಿಡಿಯುವಾಗ ಅಂದ ಮಾತು, ಮಗಳಿಗೆ ಬಂದ ಸಂಬಂಧ, ಸಿಂಗಸಂದ್ರದ ತಂಗಿ ಮನೆಯ ಜಗಳ, ಎಲ್ಲ ನನ್ನ ಕಿವಿಗೇ.

"ಅಕ್ಕಾ, ಬಿಪಿ ನೋಡುವಾಗ ಮಾತಾಡಬಾರದು. ಮಾತಾಡಿದ್ರೆ ಏರುತ್ತೆ" ಅಂದೆ.

"ಹೌದಾ? ಸರಿ ಬಿಡಪ್ಪಾ" ಅಂತ ತುಟಿ ಬಿಗಿಹಿಡಿದರು. ಕಣ್ಣು ಅಗಲವಾಯಿತು, ಕೆನ್ನೆ ಉಬ್ಬಿತು. ಪಾದರಸ ನೂರಾ ಐವತ್ತೆರಡಕ್ಕೆ ಹೋಗಿ ನಿಂತಿತು. ನನಗೇ ಗಾಬರಿ. "ಸರಿ ಅಕ್ಕಾ, ತಂಗಿ ಮನೆ ವಿಷಯ ಮುಗಿಸಿಬಿಡಿ" ಅಂದೆ. ಮುಗಿಸಿದರು. ಮತ್ತೆ ನೋಡಿದರೆ ನೂರಾ ಇಪ್ಪತ್ತಾರು.

ಡಾಕ್ಟರ್ ಮೇಡಂಗೆ ಹೇಳಿದರೆ ನಂಬಲಿಲ್ಲ. ಅಕ್ಕ ಮಾತ್ರ ಹೊರಗೆ ಹೋಗಿ ಗಂಡನಿಗೆ ಫೋನು ಮಾಡಿದರು: "ಕೇಳುಸ್ಕೊಂಡ್ರಾ? ಇನ್ಮೇಲೆ ನನ್ನ ಬಾಯಿ ಮುಚ್ಚು ಅಂದ್ರೆ ನನ್ನ ಜೀವಕ್ಕೆ ಅಪಾಯ ಅಂತೆ."

ತಲೆಯೊಳಗಿನ ಸ್ಟಾಫು

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಿಜವಾದ ಕಥೆ ಗೋಡೌನಿನ ಫೋರ್ಕ್‌ಲಿಫ್ಟ್ ಓಡಿಸುವ ಅಣ್ಣನದು. ನಮ್ಮ ಪಕ್ಕದ ಊರಿನವನು. ಎತ್ತರದ ಆಳು, ಮೀಸೆ ಇನ್ನೂ ಎತ್ತರ. ಫೋರ್ಕ್‌ಲಿಫ್ಟ್ ಅಂದರೆ ಎರಡು ಕಬ್ಬಿಣದ ಕೈ ಮುಂದೆ ಚಾಚಿ ಡ್ರಮ್ಮುಗಳನ್ನು ಎತ್ತಿ ಅಟ್ಟಕ್ಕಿಡುವ ಗಾಡಿ. ಒಂದೊಂದು ಡ್ರಮ್ಮನ್ನೂ ಅವನು ಮಗು ಎತ್ತಿದ ಹಾಗೆ ಎತ್ತಿ, ಮಲಗಿಸಿದ ಹಾಗೆ ಇಳಿಸುತ್ತಿದ್ದ.

ಅವನ ಸೀಟಿಗೆ ವರ್ಷಕ್ಕೊಮ್ಮೆ ಡಾಕ್ಟರು ತಾವೇ ಬಿಪಿ ನೋಡಿ 'ಫಿಟ್' ಅಂತ ಸಹಿ ಹಾಕಬೇಕು. ನಾನು ನೋಡಿದರೆ ನೂರಾ ಇಪ್ಪತ್ನಾಲ್ಕು. ಮೇಡಂ ಬಾಗಿಲು ತೆಗೆದು ಒಳಗೆ ಬಂದು ನೋಡಿದರೆ ನೂರಾ ಅರವತ್ತೆಂಟು. ಮೇಡಂ ಕೈತೊಳೆಯಲು ಹೊರಗೆ ಹೋದಾಗ ನಾನು ನೋಡಿದರೆ ಮತ್ತೆ ನೂರಾ ಇಪ್ಪತ್ತೆಂಟು.

"ದಸರಾ ಮುಗಿದ ಮೇಲೆ ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ಸದ್ಯಕ್ಕೆ ಗಾಡಿ ಬೇಡ, ಪ್ಯಾಕಿಂಗ್‌ಗೆ ಹಾಕಿಸ್ತೀನಿ" ಅಂದರು ಮೇಡಂ.

ಅಣ್ಣನ ಮೀಸೆ ಇಳಿದದ್ದು ನಾನು ಕಣ್ಣಾರೆ ನೋಡಿದೆ. ಪ್ಯಾಕಿಂಗ್ ಕೆಲಸ ಕೀಳು ಅಂತಲ್ಲ. ಪ್ಯಾಕಿಂಗ್‌ನ ಸೂಪರ್‌ವೈಸರು ಅವನ ಬಾಮೈದ, ಹೆಂಡತಿಯ ಸ್ವಂತ ತಮ್ಮ. ಮದುವೆಯಲ್ಲಿ ಇವನ ಕಾಲು ತೊಳೆದ ಹುಡುಗ. "ಅವನಿಗೆ ನಾನು ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಸಾರ್ ಅನ್ನಬೇಕಾ? ನನ್ನ ಗಾಡಿ ಮೇಲೇ ನನ್ನ ಸಾಯಿಸಿಬಿಡಿ ಮೇಡಂ" ಅಂದ.

ಮೇಡಂ ಒಳ್ಳೆಯವರು, ಕೂರಿಸಿ ತಿಳಿಸಿ ಹೇಳಿದರು. ಕತ್ತಿನ ರಕ್ತನಾಳದ ಗೋಡೆಯಲ್ಲಿ ಒತ್ತಡ ಗಮನಿಸುವ ನರದ ತುದಿಗಳಿವೆಯಂತೆ. ಒತ್ತಡ ಏರಿದರೆ ಮಿದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ಅಲ್ಲಿ ಒಂದು ನರಕೋಶ ಪಕ್ಕದ ನರಕೋಶದ ಮೇಲೆ ಚೂರು ರಾಸಾಯನಿಕ ಸುರಿದು ವಿಷಯ ದಾಟಿಸುತ್ತದೆ. ಕೆಲವು ರಾಸಾಯನಿಕ 'ಎದ್ದೇಳು' ಅನ್ನುತ್ತವೆ, ಕೆಲವು 'ಸುಮ್ಮನಿರು' ಅನ್ನುತ್ತವೆ. ಕೊನೆಗೆ ಹೃದಯಕ್ಕೆ ನಿಧಾನ ಮಾಡು ಅಂತ, ರಕ್ತನಾಳಕ್ಕೆ ಸಡಿಲಾಗು ಅಂತ ಆರ್ಡರು ಇಳಿಯುತ್ತದೆ. ಭಯವಾದಾಗ ಮಾತ್ರ ಇನ್ನೊಂದು ಕಡೆಯಿಂದ 'ಬಿಗಿ, ಬಿಗಿ' ಅನ್ನುವ ಆರ್ಡರು ನುಗ್ಗಿ ಇದನ್ನು ತಳ್ಳಿಬಿಡುತ್ತದೆ.

ಅಣ್ಣ ತಲೆಯಾಡಿಸಿದ. "ಅಂದ್ರೆ ಕತ್ತಲ್ಲಿ ಗೇಟ್ ವಾಚ್‌ಮನ್ನು. ಮಿದುಳಿನ ಬುಡದಲ್ಲಿ ಶಿಫ್ಟ್ ಇನ್‌ಚಾರ್ಜು. ಚೀಟಿ ಬದಲು ಕೆಮಿಕಲ್ಲು."

"ಸರಿಯಾಗಿ ಹೇಳಿದ್ರಿ."

"ನೀವು ಬಂದ್ರೆ ದೊಡ್ಡ ಸಾಹೇಬ್ರು ರೌಂಡ್ಸ್ ಬಂದಂಗೆ. ಒಳಗಿರೋರೆಲ್ಲ ಎದ್ದು ನಿಂತ್ಕೊಂಡು ಸುಮ್ ಸುಮ್ನೆ ಓಡಾಡ್ತಾರೆ."

"ಅದೇ ವಿಷಯ."

"ಅಂಗಾರೆ ನೀವೇ ಒಂದು ಮಾತು ಹೇಳ್ಬಿಡಿ ಮೇಡಂ, ಕೂತ್ಕೊಳ್ರಪ್ಪಾ ಅಂತ."

ಬಿಳಿ ಕೋಟು

ಮೇಡಂ ಹೋದ ಮೇಲೆ ನಾನು ಎದೆ ತಟ್ಟಿ ಹೇಳಿದೆ: "ಅಣ್ಣಾ, ಬಿಡು. ನಿನ್ನ ಬಿಪಿ ಇಳಿಸೋದು ನನ್ನ ಜವಾಬ್ದಾರಿ. ನಮ್ಮೂರ ಗಂಡು ಮಾತು ಕೊಟ್ಟ ಮೇಲೆ ಕೊಟ್ಟಂಗೆ."

ಮೊದಲು ಉಪ್ಪು ಕಡಿಮೆ ಮಾಡಿಸಿದೆ. ಕ್ಯಾಂಟೀನ್ ಅಕ್ಕನಿಗೆ ಹೇಳಿ ಅವನಿಗೆ ಬೇರೆ ಸಾರು. ಅವನೂ ಮರುಮಾತಿಲ್ಲದೆ ಉಂಡ. ಏನು ವಿಧೇಯತೆ ಅಂತ ನಾನು ಬೀಗುತ್ತಿದ್ದೆ. ಒಂದು ದಿನ ಅವನ ಮೈಮೇಲಿನ ಖಾಕಿ ಅಂಗಿ ಜೇಬಿನಲ್ಲಿ ದೊಡ್ಡ ಎಣ್ಣೆ ಕಲೆ ಕಂಡಿತು. ಗಾಡಿಯದಾ ಅಂದರೆ ಅಲ್ಲ, ಹೆಂಡತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯದು. "ಸಾರಿಗೆ ಉಪ್ಪು ಬ್ಯಾಡ ಅಂದೆ, ಬಿಟ್ಟೆ. ಉಪ್ಪಿನಕಾಯಿಗೆ ಬ್ಯಾಡ ಅಂತ ಯಾವಾಗ ಅಂದೆ?" ಅಂತ ನನ್ನನ್ನೇ ಕೇಳಿದ.

ಆಮೇಲೆ ನನಗೆ ಮಹಾ ಉಪಾಯ ಹೊಳೆಯಿತು. ತೊಂದರೆ ಉಪ್ಪಿನದಲ್ಲ, ಬಿಳಿ ಕೋಟಿನದು. ಕೋಟು ಕಂಡ ಕೂಡಲೇ ಇವನ ಮಿದುಳಿನೊಳಗಿನ ಸ್ಟಾಫು ಎದ್ದು ನಿಲ್ಲುತ್ತದೆ. ಕೋಟು ಅಭ್ಯಾಸ ಮಾಡಿಸಿದರೆ ಆಯಿತು. ಗೂಟಕ್ಕೆ ನೇತುಹಾಕಿದ್ದ ಮೇಡಂ ಕೋಟನ್ನೇ ತೊಟ್ಟುಕೊಂಡೆ. ಭುಜದಲ್ಲಿ ಸ್ವಲ್ಪ ಬಿಗಿ, ಆದರೂ ನನಗೆ ಒಪ್ಪಿತ್ತು. ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಸೆಕ್ಯೂರಿಟಿಯವನು ಸೆಲ್ಯೂಟ್ ಹೊಡೆದ, ಸ್ಟೋರ್ಸ್‌ನವರೊಬ್ಬರು ನಾಲಿಗೆ ಚಾಚಿ ತೋರಿಸಿದರು.

ರೂಮಿಗೆ ಬಂದು ಗಂಭೀರವಾಗಿ ಕೂತು ಅಣ್ಣನ ತೋಳಿಗೆ ಪಟ್ಟಿ ಸುತ್ತಿದೆ. ನೂರಾ ಇಪ್ಪತ್ತೆರಡು. "ನೋಡಿದ್ಯಾ, ಕೋಟಿಗೆ ಹೊಂದಿಕೊಂಡೆ" ಅಂದೆ.

"ಕೋಟಿಗೆ ಹೊಂದಿಕೊಂಡಿದ್ದಲ್ಲ ಕಣ್ಲಾ. ಒಳಗಿರೋರು ಒಂದ್ಸಲ ಎದ್ದು ನೋಡಿದ್ರು. ಓ, ಇವನಾ, ನಮ್ಮ ಹೊಲದಾಗೆ ಅವರೆಕಾಯಿ ಕದ್ದು ಏಟು ತಿಂದೋನು ಅಂತ ಮತ್ತೆ ಕೂತ್ಕೊಂಡ್ರು."

ಮಿಷನ್ನಿನ ಕೋಪ

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಫ್ಯಾಕ್ಟರಿಯಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಹಬ್ಬ. ಮಾತ್ರೆ ಒತ್ತುವ ಮಿಷನ್ನಿಂದ ಹಿಡಿದು ಕಾಗದ ಚುಚ್ಚುವ ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಫೋರ್ಕ್‌ಲಿಫ್ಟಿಗೆ ಎರಡು ಕಡೆ ಬಾಳೆಕಂದು, ಮೈತುಂಬ ಚೆಂಡುಹೂವು. ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಅಣ್ಣ ಗಾಡಿಯನ್ನು ಒಂದು ಗೇಣು ಮುಂದೆ ಬಿಟ್ಟು ಅವನ್ನು ಪಚಕ್ಕನೆ ಅಪ್ಪಚ್ಚಿ ಮಾಡಿದ. ಎಲ್ಲರೂ ಕಡ್ಲೆಪುರಿ ಹಂಚಿಕೊಂಡು ಮನೆಗೆ ಹೊರಟರು.

ಅಣ್ಣ ಮಾತ್ರ ಓಡಿ ಬಂದ. ಮುಖದಲ್ಲಿ ಏನೋ ಕಂಡುಹಿಡಿದ ಕಳೆ.

"ಲೇ, ನಿನ್ನ ಬಿಪಿ ಮಿಷನ್ನಿಗೆ ಪೂಜೆ ಆಯ್ತಾ?"

"ಇಲ್ಲ ಅಣ್ಣ. ಈ ರೂಮಿಗೆ ಬೀಗ ಹಾಕಿತ್ತು."

"ಹೋದ್ವರ್ಷ?"

"ಹೋದ್ವರ್ಷವೂ ಇಲ್ಲ."

ಅವನು ಹಣೆ ಹಣೆ ಚಚ್ಚಿಕೊಂಡ. "ಸ್ಟೇಪ್ಲರಿಗೆ ಕುಂಕುಮ ಇಟ್ಟಿದ್ದೀರಿ, ಆಳಿನ ಹಣೆಬರಹ ಬರೆಯೋ ಮಿಷನ್ನ ಬಿಟ್ಟಿದ್ದೀರಿ. ಅದು ಸುಮ್ನಿರ್ತದಾ? ಬೀಗ ತೆಗಿ."

ನಾನು ವಿಜ್ಞಾನ ಓದಿದವನು. ಇದೆಲ್ಲ ಆಗದು ಅಂತ ಖಡಾಖಂಡಿತವಾಗಿ ಹೇಳಬಹುದಿತ್ತು. ಆದರೆ ಹಬ್ಬದ ದಿನ ಆಯುಧಕ್ಕೆ ಪೂಜೆ ಬೇಡ ಅನ್ನುವ ಗಂಡು ನಮ್ಮ ಆನೇಕಲ್ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಬೀಗ ತೆಗೆದು ಅವನನ್ನು ಒಳಗೆ ಬಿಟ್ಟು, ಯಾರಾದರೂ ಬಂದಾರು ಅಂತ ಸ್ವಲ್ಪ ಹೊತ್ತು ಬಾಗಿಲ ಹೊರಗೆ ಕಾವಲು ನಿಂತು, ಆಮೇಲೆ ನಾನೂ ಒಳಗೆ ಬಂದೆ. ಅವನು ಮಿಷನ್ನಿಗೆ ಕುಂಕುಮ ಇಟ್ಟು, ಹೂವಿನ ಎಳೆ ಸುತ್ತಿ, ಅದರ ಮುಂದೆ ಕೈಮುಗಿದು ಹತ್ತಿರ ಬಾಗಿ ಏನೋ ಮಾತಾಡಿದ. ಏನು ಕೇಳಿಕೊಂಡೆ ಅಂತ ಕೇಳಿದೆ.

"ಕೇಳ್ಕೊಳ್ಳೋದೇನು ಬಂತು. ನನ್ನ ಬಾಮೈದ ಹೆಂಗೆ ಅಂತ ವಿವರವಾಗಿ ಹೇಳ್ದೆ. ಇನ್ನು ಅದರ ಮನಸ್ಸು."

ಬರ್ಲಿ ಬರ್ಲಿ

ಹಬ್ಬದ ರಜೆ ಮುಗಿದು ರೂಮು ತೆಗೆದ ಮೊದಲ ದಿನವೇ ಸಹಿಯ ದಿನ. ಅಣ್ಣ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ನನಗಿಂತ ಮೊದಲೇ ರೂಮಿನ ಬಾಗಿಲಲ್ಲಿ ನಿಂತಿದ್ದ. ಮಂಚದ ಮೇಲೆ ಕೂರಿಸಿ ಪಟ್ಟಿ ಸುತ್ತಿದೆ. ಅವನ ಅಂಗೈ ಒದ್ದೆ. ಮೇಡಂ ಬಂದರು, ಕೋಟು ತೊಟ್ಟರು, ಮಿಷನ್ನಿನ ಮೇಲಿದ್ದ ಕುಂಕುಮ ನೋಡಿ ಹುಬ್ಬೇರಿಸಿದರು. ತಮ್ಮ ಚಕ್ರದ ಕುರ್ಚಿಯಲ್ಲಿ ಕೂತು, ಮಂಚದ ಹತ್ತಿರ ಬರಲು ಕಾಲಿನಿಂದ ಒಂದು ನೂಕು ನೂಕಿದರು.

ಪಚಕ್.

ನನಗೂ ಆಗಲೇ ಗೊತ್ತಾದದ್ದು. ಆ ದಿನ ನಾನು ಬಾಗಿಲ ಹೊರಗೆ ಕಾವಲು ನಿಂತ ಹೊತ್ತಿನಲ್ಲಿ ಈ ಪುಣ್ಯಾತ್ಮ ಕುರ್ಚಿಗೂ ಚಕ್ರ ಇದೆ ಅಂತ ಪ್ರತಿ ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಿದ್ದ. ರಸ ಚಿಮ್ಮಿತು. ನುಣುಪು ನೆಲ, ಒದ್ದೆ ಚಕ್ರ. ಮುಂದೆ ಬರಬೇಕಾದ ಕುರ್ಚಿ ಗಿರಕ್ಕನೆ ತಿರುಗಿ ಮೇಡಂ ಸಮೇತ ಹಿಮ್ಮುಖವಾಗಿ ಔಷಧಿ ಬೀರುವಿನ ಕಡೆ ಹೊರಟಿತು. ನಾನು ಕಲ್ಲಾಗಿ ನಿಂತೆ.

ಅಣ್ಣ ಮಾತ್ರ ಎದ್ದ. ಹಿಮ್ಮುಖ ಬರುವ ಗಾಡಿ ಕಂಡರೆ ಅವನಿಗೆ ಬೇರೆ ಏನೂ ಕಾಣುವುದಿಲ್ಲ. ತೋಳಿಗೆ ಸುತ್ತಿದ ಪಟ್ಟಿಯ ಜೊತೆ ಮಿಷನ್ನನ್ನೂ ಕಂಕುಳಲ್ಲಿ ಅವುಚಿಕೊಂಡು ಬೀರುವಿನ ಮುಂದೆ ಹಾರಿ ನಿಂತ. ಲಾರಿ ನಿಲ್ಲಿಸುವ ಹಾಗೆ ಕೈ ಬೀಸಿದ. "ಬರ್ಲಿ, ಬರ್ಲಿ, ಬರ್ಲಿ, ಲೆಫ್ಟು, ಚೂರು ಲೆಫ್ಟು, ಬರ್ಲಿ... ಹೋಲ್ಡ್!" ಅಂತ ಕುರ್ಚಿಯ ಬೆನ್ನನ್ನು ಒಂದೇ ಕೈಯಲ್ಲಿ ಹಿಡಿದು, ಬೀರುವಿನ ಗಾಜಿಗೆ ಒಂದು ಬೆರಳು ಅಂತರದಲ್ಲಿ ನಿಲ್ಲಿಸಿಬಿಟ್ಟ. ಆಮೇಲೆ ಅದೇ ಕುರ್ಚಿಯನ್ನು ಮೆಲ್ಲಗೆ ತಳ್ಳಿಕೊಂಡು ಬಂದು ಮಂಚದ ಪಕ್ಕ ನೆಟ್ಟಗೆ ಪಾರ್ಕು ಮಾಡಿ, ತಾನೂ ಕೂತ.

ಮೇಡಂ ಮೊದಲು ಅವನನ್ನು ನೋಡಿದರು, ಆಮೇಲೆ ನಿಂಬೆಹಣ್ಣು ನೋಡಿದರು, ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಣ್ಣನೂ ಮೀಸೆಯ ಕೆಳಗೇ ನಕ್ಕ. ಇಬ್ಬರಿಗೂ ಉಸಿರು ಹದಕ್ಕೆ ಬರುವವರೆಗೆ ಸುಮ್ಮನೆ ಕೂತು, ಆಮೇಲೆ ಮೇಡಂ ತಾವೇ ಗಾಳಿ ಹಾಕಿ ನೋಡಿದರು. ನೂರಾ ಇಪ್ಪತ್ತಾರಕ್ಕೆ ಎಂಬತ್ತೆರಡು. ನಂಬಿಕೆ ಬಾರದೆ ಇನ್ನೊಂದು ತೋಳಿಗೂ ನೋಡಿದರು. ಅದೇ.

"ಒಳಗಿರೋರು ಕೂತ್ಕೊಂಡ್ರು ಅನ್ಸುತ್ತೆ" ಅಂದರು ಮೇಡಂ.

"ನೀವು ಗಾಡಿ ಆಗ್ಬಿಟ್ರಲ್ಲ ಮೇಡಂ. ಗಾಡಿ ಕಂಡ್ರೆ ಅವರಿಗೆ ಭಯ ಇಲ್ಲ" ಅಂದ ಅಣ್ಣ.

ಮೇಡಂ ಫಿಟ್ ಅಂತ ಸಹಿ ಹಾಕಿದರು. ಉಪ್ಪಿನಕಾಯಿ ಬಿಡಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದರು. ನನಗೆ ಎದೆಯುಬ್ಬಿತು. "ನೋಡಿದ್ರಾ ಮೇಡಂ, ನಾನು ಜವಾಬ್ದಾರಿ ತಗೊಂಡ್ರೆ ಹಿಂಗೇ. ನನ್ನನ್ನೇ ನೋಡಿ, ಯಾವಾಗ ಅಳೆದ್ರೂ ನೂರಿಪ್ಪತ್ತಕ್ಕೆ ಎಂಬತ್ತು" ಅಂದೆ.

"ಹೌದಾ? ಕೂತ್ಕೋ, ನೋಡೋಣ" ಅಂದರು. ಕೂತೆ. ಪಟ್ಟಿ ಸುತ್ತಿದರು, ಗಾಳಿ ಹಾಕಿದರು, ಸ್ಟೆತಸ್ಕೋಪು ಕಿವಿಗಿಟ್ಟರು. ನೂರಾ ಇಪ್ಪತ್ತು. ಅಣ್ಣನ ಕಡೆ ನೋಡಿ ಮೀಸೆ ತಿರುವಿದೆ.

"ಇನ್ನೊಂದ್ಸಲ" ಅಂತ ಮತ್ತೆ ಗಾಳಿ ಹಾಕುತ್ತಾ, ಮೇಡಂ ತಣ್ಣಗೆ ಕೇಳಿದರು: "ಹಬ್ಬದ ದಿನ ಈ ರೂಮಿನ ಬೀಗ ತೆಗೆದಿದ್ದು ಯಾರು?"

"ಗೊತ್ತಿಲ್ಲ ಮೇಡಂ" ಅಂದೆ. ಕಿವಿಯೊಳಗೆ ಡಬಡಬ ಅಂತು.

"ಮತ್ತೆ ನನ್ನ ಕೋಟಿನ ಭುಜದ ಹೊಲಿಗೆ ಬಿಚ್ಚಿದ್ದು?"

ಪಾದರಸ ಕುಣಿಯುತ್ತಿದ್ದುದು ನನಗೇ ಕಾಣುತ್ತಿತ್ತು. ನೂರಾ ಅರವತ್ನಾಲ್ಕು. ಕುಂಕುಮ ಒಳಗೆ ಸೇರಿ ಮಿಷನ್ನು ಕೆಟ್ಟಿದೆ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಅಣ್ಣ ಎದ್ದು ಬಂದು ನನ್ನ ಬೆನ್ನು ಸವರಿದ. "ಏನೂ ಭಯ ಬ್ಯಾಡ ಕಣ್ಲಾ ತಮ್ಮ. ಪ್ಯಾಕಿಂಗ್‌ನಾಗೆ ಜಾಗ ಖಾಲಿ ಐತೆ. ನಮ್ಮ ಬಾಮೈದಂಗೆ ನಾನು ಹೇಳ್ತೀನಿ."